ಯಾವ ಖನಿಜ ನಿರ್ಣಾಯಕ?

ಭೂವಿಜ್ಞಾನವನ್ನು ಅಭ್ಯಾಸಮಾಡುವ ವಿದ್ಯಾರ್ಥಿ ಖನಿಜಗಳನ್ನು ಹಲವು ಬಗೆಯಾಗಿ ವಿಂಗಡಿಸಲು ಕಲಿಯುತ್ತಾನೆ. ಉಗುರಿನಿಂದ ಗೀರಿದರೆ ಗೆರೆ ಬೀಳುವುದೇ, ಅಥವಾ ಗಾಜನ್ನೇ ಕೊರೆಯುವಷ್ಟು ಗಟ್ಟಿಯೇ ಎಂದು ನೋಡುವುದು ಒಂದು ಬಗೆ. ಸಲ್ಫೈಡೋ, ಆಕ್ಸೈಡೋ, ಸಿಲಿಕೇಟೋ ಎಂದು ರಾಸಾಯನಿಕ ರಚನೆಯನ್ನು ವಿಚಾರಿಸುವುದು ಇನ್ನೊಂದು ಬಗೆ. ಈ ವಿಂಗಡಣೆಗಳಲ್ಲಿ ಒಂದು ಸಮಾಧಾನವುಂಟು. ಬೆಣಚುಕಲ್ಲಿನ ಗಡಸುತನ ಮೈಸೂರಿನಲ್ಲಿ ೭ ಆದರೆ ಮಾಸ್ಕೋದಲ್ಲಿಯೂ ೭. ನೂರು ವರ್ಷಗಳ ಹಿಂದೆಯೂ ೭, ಇನ್ನು ನೂರು ವರ್ಷಗಳ ಮೇಲೆಯೂ ೭.

ಈಚಿನ ವರ್ಷಗಳಲ್ಲಿ ಸರ್ಕಾರಗಳು ಕೈಗೊಂಡಿರುವ ವಿಂಗಡಣೆ ಈ ಜಾತಿಗೆ ಸೇರಿದುದಲ್ಲ. ೨೦೨೩ರ ಜೂನ್ ತಿಂಗಳಲ್ಲಿ ಭಾರತ ಸರ್ಕಾರದ ಗಣಿ ಮಂತ್ರಾಲಯವು ೩೦ 'ನಿರ್ಣಾಯಕ ಖನಿಜ'ಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಲಿಥಿಯಂ, ಕೋಬಾಲ್ಟ್, ನಿಕಲ್, ಗ್ರಾಫೈಟ್, ವಿರಳ ಮೃತ್ತಿಕಾ ಧಾತುಗಳು, ಗ್ಯಾಲಿಯಂ, ಜರ್ಮೇನಿಯಂ ಮೊದಲಾದ ಹೆಸರುಗಳು ಅದರಲ್ಲಿವೆ. ಕೋಲಾರದ ನಾಡಿನವರು ಆ ಪಟ್ಟಿಯಲ್ಲಿ ಚಿನ್ನವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಸಂಡೂರಿನವರು ಕಬ್ಬಿಣವನ್ನು ಹುಡುಕಿದರೆ ಅದೂ ಇಲ್ಲ. ಆದರೆ ರೈತನು ಹೊಲಕ್ಕೆ ಎರಚುವ ಗೊಬ್ಬರದ ಮೂಲವಾದ ಪೊಟ್ಯಾಷ್ ಇದೆ. ಇದೇನು ವಿಚಿತ್ರ? ಬೆಲೆಬಾಳುವ ಚಿನ್ನವೂ ನಾಗರಿಕತೆಯ ಬೆನ್ನೆಲುಬಾದ ಕಬ್ಬಿಣವೂ ನಿರ್ಣಾಯಕವಲ್ಲದೆ ಗೊಬ್ಬರದ ಉಪ್ಪು ನಿರ್ಣಾಯಕವಾದದ್ದು ಹೇಗೆ?

ಇದಕ್ಕೆ ಉತ್ತರ ಖನಿಜದೊಳಗೆ ಇಲ್ಲ. ಅದು ಖನಿಜಕ್ಕೂ ಅದನ್ನು ಬಯಸುವ ದೇಶಕ್ಕೂ ಇರುವ ಸಂಬಂಧದಲ್ಲಿದೆ.

ಮನೆಯ ಅಡುಗೆಮನೆಯನ್ನೇ ನೋಡೋಣ. ಅಕ್ಕಿಯಿಲ್ಲದೆ ಊಟವಿಲ್ಲ, ಆದರೆ ಅಕ್ಕಿ ಹತ್ತು ಅಂಗಡಿಗಳಲ್ಲಿ ಸಿಕ್ಕುತ್ತದೆ, ಒಂದು ದಿನ ಸಿಕ್ಕದಿದ್ದರೆ ರಾಗಿಯೋ ಗೋಧಿಯೋ ಆದೀತು. ಮೊಸರಿಗೆ ಹಾಕುವ ಹೆಪ್ಪಿನ ಮಾತು ಬೇರೆ. ಅದು ಬೇಕಾಗುವುದು ಒಂದು ಚಮಚೆ ಮಾತ್ರ. ಅದರ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಪಾತ್ರೆಗಟ್ಟಲೆ ಹಾಲಿದ್ದರೂ ಮೊಸರಾಗದು. ಇಡೀ ಬೀದಿಯಲ್ಲಿ ಹೆಪ್ಪು ಇರುವುದು ಒಂದೇ ಮನೆಯಲ್ಲಿ, ಆ ಮನೆಯವರೊಡನೆ ಈಗಷ್ಟೇ ಜಗಳವಾಗಿದೆ ಎಂದರೆ ಗೃಹಿಣಿಯ ಮಟ್ಟಿಗೆ ಅಂದು ನಿರ್ಣಾಯಕ ವಸ್ತು ಅಕ್ಕಿಯಲ್ಲ, ಹೆಪ್ಪು.

ಸರ್ಕಾರದ ಸಮಿತಿಯು ಕೇಳಿದ ಪ್ರಶ್ನೆಗಳೂ ಇಂಥವೇ. ಯೂರೋಪಿನ ಒಕ್ಕೂಟದವರು ೨೦೧೧ರಿಂದ ಬಳಸುತ್ತ ಬಂದಿರುವ ವಿಧಾನವನ್ನು ಗಮನದಲ್ಲಿಟ್ಟುಕೊಂಡು ಅದು ಎರಡು ಸಂಗತಿಗಳನ್ನು ಅಳೆಯಿತು: ಆ ವಸ್ತುವಿನ ಆರ್ಥಿಕ ಪ್ರಾಮುಖ್ಯ ಎಷ್ಟು, ಅದರ ಸರಬರಾಜು ತಪ್ಪಿಹೋಗುವ ಅಪಾಯ ಎಷ್ಟು. ಎರಡರಲ್ಲಿಯೂ ಹೆಚ್ಚು ಅಂಕ ಪಡೆದದ್ದು ನಿರ್ಣಾಯಕ. ಚಿನ್ನ ಬಾರದೆ ಹೋದರೆ ಕೆಲವು ಮದುವೆಗಳು ಮುಂದಕ್ಕೆ ಹೋಗಬಹುದು, ಕಾರ್ಖಾನೆಗಳೇನೂ ನಿಂತುಬಿಡಲಾರವು. ಕಬ್ಬಿಣದ ಅದುರು ನಮ್ಮ ನೆಲದಲ್ಲಿಯೇ ಧಾರಾಳವಾಗಿದೆ. ಪೊಟ್ಯಾಷ್ ಗೊಬ್ಬರವನ್ನಾದರೋ ನಾವು ಪೂರ್ತಿಯಾಗಿ ಹೊರಗಿನಿಂದಲೇ ತರಿಸಿಕೊಳ್ಳುತ್ತೇವೆ.

ಸರಬರಾಜಿನ ಅಪಾಯವನ್ನು ಅಂಕಿಯಲ್ಲಿ ಹೇಳುವ ಉಪಾಯ ಸರಳವಾದುದು, ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಖನಿಜವನ್ನು ಉತ್ಪಾದಿಸುವ ಪ್ರತಿಯೊಂದು ದೇಶದ ಪಾಲನ್ನು ಶೇಕಡದಲ್ಲಿ ಬರೆದುಕೊಳ್ಳಿ. ಪ್ರತಿಯೊಂದು ಪಾಲಿನ ವರ್ಗವನ್ನು ಕಂಡು ಎಲ್ಲವನ್ನೂ ಕೂಡಿ. ಐದು ದೇಶಗಳು ತಲಾ ಶೇಕಡ ೨೦ರಷ್ಟು ತೆಗೆಯುತ್ತಿದ್ದರೆ ೨೦ರ ವರ್ಗ ೪೦೦; ಐದು ಸಲ ಕೂಡಿದರೆ ೨,೦೦೦. ಒಂದೇ ದೇಶ ಶೇಕಡ ೯೦ನ್ನೂ ಇನ್ನೊಂದು ೧೦ನ್ನೂ ತೆಗೆಯುತ್ತಿದ್ದರೆ ೮,೧೦೦ಕ್ಕೆ ೧೦೦ ಸೇರಿ ೮,೨೦೦. ಉತ್ಪನ್ನದ ಮೊತ್ತ ಎರಡು ಸಂದರ್ಭಗಳಲ್ಲಿಯೂ ಒಂದೇ. ಅಪಾಯ ಮಾತ್ರ ನಾಲ್ಕು ಪಟ್ಟಿಗಿಂತ ಹೆಚ್ಚು. ವರ್ಗ ಮಾಡುವುದರಿಂದ ದೊಡ್ಡ ಪಾಲಿನವನ ತೂಕ ಎದ್ದು ಕಾಣುತ್ತದೆ. ಈ ಅಂಕಿಗೆ ಆಯಾ ದೇಶದ ಆಡಳಿತದ ಸ್ಥಿರತೆ, ಆಮದಿನ ಅವಲಂಬನೆ, ಹಳೆಯ ಸಾಮಾನಿನಿಂದ ಮರಳಿ ಪಡೆಯಬಹುದಾದ ಪ್ರಮಾಣ, ಬದಲಿ ವಸ್ತುವಿನ ಲಭ್ಯತೆ ಇವುಗಳನ್ನೂ ಸೇರಿಸುತ್ತಾರೆ. ಜಗತ್ತಿನ ಕೋಬಾಲ್ಟ್ ಅದುರಿನಲ್ಲಿ ಶೇಕಡ ೭೦ರಷ್ಟು ಕಾಂಗೋ ಎಂಬ ಒಂದೇ ರಾಷ್ಟ್ರದಿಂದ ಬರುತ್ತದೆ. ವಿರಳ ಮೃತ್ತಿಕೆಗಳ ಶುದ್ಧೀಕರಣದಲ್ಲಿ ಸುಮಾರು ಶೇಕಡ ೯೦ ಚೀನದಲ್ಲಿ ನಡೆಯುತ್ತದೆ. ಈ ಎರಡು ಅಂಕಿಗಳ ವರ್ಗವನ್ನು ಕಂಡರೆ ಮಂತ್ರಾಲಯಗಳ ನಿದ್ರೆ ಕೆಟ್ಟಿರುವುದಕ್ಕೆ ಕಾರಣ ತಿಳಿಯುತ್ತದೆ.

ಇನ್ನೊಂದು ತೊಡಕು ಅಂಕಗಣಿತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಪಟ್ಟಿಯಲ್ಲಿರುವ ಅನೇಕ ಧಾತುಗಳಿಗೆ ತಮ್ಮದೇ ಆದ ಗಣಿಗಳಿಲ್ಲ. ಗ್ಯಾಲಿಯಂ ಬಾಕ್ಸೈಟಿನಲ್ಲಿ ಲೇಶವಾಗಿ ಅಡಗಿರುತ್ತದೆ. ಅಲ್ಯೂಮಿನ ತೆಗೆಯುವಾಗ ಬರುವ ಕ್ಷಾರದ್ರಾವಣದಿಂದ ಅದನ್ನು ಹೆಕ್ಕಬೇಕು. ನಮ್ಮ ಬೆಳಗಾವಿಯಲ್ಲಿಯೂ ಬಾಕ್ಸೈಟಿನಿಂದ ಅಲ್ಯೂಮಿನ ತೆಗೆಯುವ ಕಾರ್ಖಾನೆಯುಂಟು. ಇಂಡಿಯಂ, ಕ್ಯಾಡ್ಮಿಯಂಗಳು ಸತುವಿನ ಬೆನ್ನಿಗೆ ಬರುತ್ತವೆ. ಜರ್ಮೇನಿಯಂ ಕೂಡ ಬಹುಮಟ್ಟಿಗೆ ಹಾಗೆಯೇ. ಸೆಲೆನಿಯಂ ಮತ್ತು ಟೆಲ್ಯೂರಿಯಂಗಳು ತಾಮ್ರವನ್ನು ವಿದ್ಯುತ್ತಿನಿಂದ ಶುದ್ಧಿಮಾಡುವಾಗ ತೊಟ್ಟಿಯ ತಳಕ್ಕೆ ಕೂರುವ ಕೆಸರಿನಲ್ಲಿ ಸಿಕ್ಕುತ್ತವೆ. ಆದುದರಿಂದ ಗ್ಯಾಲಿಯಂ ಬೆಲೆ ಹತ್ತು ಪಟ್ಟು ಏರಿತೆಂದು ಯಾರೂ ಹೊಸ ಗಣಿ ತೋಡುವುದಿಲ್ಲ. ೨೦೨೩ರ ಆಗಸ್ಟಿನಿಂದ ಚೀನವು ಗ್ಯಾಲಿಯಂ ಮತ್ತು ಜರ್ಮೇನಿಯಂಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಮಾಡಿದಾಗ ಅರೆವಾಹಕಗಳ ಉದ್ಯಮ ಬೆಚ್ಚಿಬಿದ್ದುದಕ್ಕೆ ಇದೇ ಕಾರಣ.

ಈ ಲೆಕ್ಕವೆಲ್ಲ ವಿಜ್ಞಾನದಂತೆ ತೋರುತ್ತದೆ. ಆದರೆ ಎಲ್ಲಿ ಗೆರೆ ಎಳೆಯಬೇಕು, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂಬುದನ್ನು ಕಾನೂನು ನಿರ್ಧರಿಸುತ್ತದೆ. ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವ ಒಳ್ಳೆಯ ದೃಷ್ಟಾಂತ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ೧೯೩೯ರಲ್ಲಿಯೇ, ಆ ದೇಶ ಯುದ್ಧಕಾಲಕ್ಕೆ ಬೇಕಾದ ವಸ್ತುಗಳನ್ನು ಕೂಡಿಡುವುದಕ್ಕಾಗಿ ಒಂದು ಕಾಯಿದೆ ಮಾಡಿತ್ತು. ೨೦೧೮ರ ಅದರ ಹೊಸ ಪಟ್ಟಿಯಲ್ಲಿ ೩೫ ಖನಿಜಗಳಿದ್ದವು, ಯುರೇನಿಯಂ ಅವುಗಳಲ್ಲೊಂದು. ೨೦೨೦ರ ಶಕ್ತಿ ಕಾಯಿದೆಯು ನಿರ್ಣಾಯಕ ಖನಿಜವೆಂದರೆ ಇಂಧನವಲ್ಲದ ಖನಿಜ ಎಂದು ಲಕ್ಷಣ ಹೇಳಿತು. ನೀರು, ಸಾಮಾನ್ಯ ಮರಳು, ಜಲ್ಲಿ, ಜೇಡಿಮಣ್ಣುಗಳನ್ನೂ ಹೊರಗಿಟ್ಟಿತು. ಯುರೇನಿಯಂ ಇಂಧನವಲ್ಲವೇ? ಆದುದರಿಂದ ೨೦೨೨ರ ಪಟ್ಟಿಯಲ್ಲಿ ಅದರ ಹೆಸರು ಮಾಯವಾಯಿತು. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅದು ಮರಳಿ ಕಾಣಿಸಿಕೊಂಡಿತು. ಜೊತೆಗೆ ಉಕ್ಕಿನ ಕುಲುಮೆಗೆ ಬೇಕಾಗುವ ಕಲ್ಲಿದ್ದಲು, ಬೆಳ್ಳಿ, ತಾಮ್ರ, ಸೀಸ ಮೊದಲಾದವೂ ಒಳಬಂದವು. ಈ ಏಳು ವರ್ಷಗಳಲ್ಲಿ ಯುರೇನಿಯಂ ಪರಮಾಣುವಿನಲ್ಲಿ ಒಂದು ಎಲೆಕ್ಟ್ರಾನ್ ಕೂಡ ಹೆಚ್ಚು ಕಡಮೆಯಾಗಿರಲಿಲ್ಲ.

ಒಂದೇ ಸರ್ಕಾರದ ಎರಡು ಇಲಾಖೆಗಳು ಒಂದೇ ಲೋಹದ ಬಗ್ಗೆ ಬೇರೆ ಬೇರೆ ತೀರ್ಪು ಕೊಟ್ಟದ್ದೂ ಉಂಟು. ತಾಮ್ರ ೨೦೨೨ರ ಅಮೆರಿಕದ ಖನಿಜ ಪಟ್ಟಿಯಲ್ಲಿ ಇರಲಿಲ್ಲ. ೨೦೨೩ರಲ್ಲಿ ಅಲ್ಲಿನ ಶಕ್ತಿ ಇಲಾಖೆ 'ಶಕ್ತಿಗೆ ನಿರ್ಣಾಯಕವಾದ ವಸ್ತುಗಳು' ಎಂದು ತನ್ನದೇ ಆದ ೧೮ ಹೆಸರುಗಳ ಪಟ್ಟಿ ಮಾಡಿದಾಗ ತಾಮ್ರಕ್ಕೆ ಸ್ಥಾನ ದೊರೆಯಿತು. ಖನಿಜ ಎನ್ನುವುದಕ್ಕೂ ವಸ್ತು ಎನ್ನುವುದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಶಕ್ತಿ ಇಲಾಖೆಯ ಪಟ್ಟಿಯಲ್ಲಿ ಸಿಲಿಕಾನ್ ಕಾರ್ಬೈಡ್ ಇದೆ, ಪರಿವರ್ತಕಗಳ ತಿರುಳಿಗೆ ಬಳಸುವ ವಿದ್ಯುತ್ ಉಕ್ಕು ಇದೆ. ಇವನ್ನು ಯಾವ ಗಣಿಯಲ್ಲಿಯೂ ಅಗೆಯುವುದಿಲ್ಲ. ಇವು ಕಾರ್ಖಾನೆಯಲ್ಲಿ ಹುಟ್ಟುವ ಪದಾರ್ಥಗಳು. ಮಣ್ಣಿನಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಬೇಕಾದ ರೂಪಕ್ಕೆ ತರಬಲ್ಲವರು ಯಾರು ಎಂಬುದೇ ಮುಖ್ಯವೆಂದು ಆ ಇಲಾಖೆ ಒಪ್ಪಿಕೊಂಡಂತಾಯಿತು.

ಪ್ರಾಸಂಗಿಕವಾಗಿ ಒಂದು ಮಾತು. ೩೫ ಇದ್ದದ್ದು ೨೦೨೨ರಲ್ಲಿ ೫೦ ಆಯಿತು, ೨೦೨೫ರಲ್ಲಿ ೬೦ ಆಯಿತು ಎಂದು ಓದಿದವರು ಗಾಬರಿಪಡಬೇಕಾಗಿಲ್ಲ. ೫೦ ಆದದ್ದು ಬಹುಮಟ್ಟಿಗೆ ಎಣಿಕೆಯ ಮಹಿಮೆ: ವಿರಳ ಮೃತ್ತಿಕೆಗಳನ್ನೂ ಪ್ಲಾಟಿನಂ ಬಳಗದ ಲೋಹಗಳನ್ನೂ ಮೊದಲು ಒಂದೊಂದು ಗುಂಪಾಗಿ ಎಣಿಸಿದ್ದರು, ಆಮೇಲೆ ಬಿಡಿಬಿಡಿಯಾಗಿ ಎಣಿಸಿದರು. ನಮ್ಮ ೩೦ರಲ್ಲಿ ಅವು ಇನ್ನೂ ಗುಂಪುಗಳಾಗಿಯೇ ಇವೆ.

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಖನಿಜದ ಹಣೆಬರಹವನ್ನು ಪಟ್ಟಿ ಬರೆಯುತ್ತದೆ ಎಂಬುದಕ್ಕೆ ಕೇರಳದ ಮರಳಿಗಿಂತ ಉತ್ತಮವಾದ ನಿದರ್ಶನ ಸಿಕ್ಕುವುದು ಕಷ್ಟ. ಹಿಂದೆ ಮದುವೆಯ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಗ್ಯಾಸ್ ದೀಪಗಳನ್ನು ಹಿರಿಯರು ಬಲ್ಲರು. ಅದರೊಳಗೆ ಕಟ್ಟುತ್ತಿದ್ದ ಪುಟ್ಟ ಬಲೆಯೇ ಮ್ಯಾಂಟಲ್. ಆಸ್ಟ್ರಿಯದ ಔವರ್ ಫಾನ್ ವೆಲ್ಸ್‌ಬಾಕ್ ಎಂಬ ರಸಾಯನಜ್ಞನು ೧೮೯೧ರ ಹೊತ್ತಿಗೆ ಪರಿಪೂರ್ಣಗೊಳಿಸಿದ ಈ ಬಲೆಯಲ್ಲಿ ಶೇಕಡ ೯೯ರಷ್ಟು ಥೋರಿಯಂ ಆಕ್ಸೈಡು, ಶೇಕಡ ೧ರಷ್ಟು ಸೀರಿಯಂ ಆಕ್ಸೈಡು ಇರುತ್ತಿದ್ದವು. ಥೋರಿಯಮ್ಮಿಗಾಗಿ ಯೂರೋಪು ಹುಡುಕಾಡುತ್ತಿದ್ದಾಗ, ೧೯೦೯ರಲ್ಲಿ, ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ತಿರುವಾಂಕೂರಿನ ಕರಾವಳಿಯ ಮರಳಿನಲ್ಲಿ ಮೊನಜೈಟ್ ಇರುವುದನ್ನು ಕಂಡುಹಿಡಿದನು. ಅಲ್ಲಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಹೊಳೆಯುವ ಕಣಗಳೇ ಅವನಿಗೆ ಸುಳಿವು ಕೊಟ್ಟುವೆಂದು ಹೇಳುತ್ತಾರೆ. ಆಗ ಆ ಮರಳು ಕೇವಲ ವ್ಯಾಪಾರದ ಸರಕು. ಹಡಗು ತುಂಬಿಸಿ ಕಳುಹಿಸಲು ಯಾರ ಅಡ್ಡಿಯೂ ಇರಲಿಲ್ಲ.

ವಿದ್ಯುದ್ದೀಪ ಬಂದಮೇಲೆ ಮ್ಯಾಂಟಲಿನ ಕಾಲ ಮುಗಿಯುತ್ತ ಬಂತು. ಮರಳಿನ ಬೆಲೆಯೂ ಮುಗಿಯಬೇಕಾಗಿತ್ತು. ಅಷ್ಟರಲ್ಲಿ ಪರಮಾಣು ಯುಗ ಆರಂಭವಾಯಿತು. ಥೋರಿಯಂ ನ್ಯೂಟ್ರಾನನ್ನು ನುಂಗಿ, ಎರಡು ಹಂತಗಳಲ್ಲಿ ಮಾರ್ಪಟ್ಟು, ಯುರೇನಿಯಂ-೨೩೩ ಆಗುತ್ತದೆ. ಅದು ವಿದಳನಗೊಂಡು ಶಕ್ತಿಯನ್ನು ಕೊಡಬಲ್ಲದು. ನೆನ್ನೆಯವರೆಗೆ ದೀಪದ ಬತ್ತಿಯಾಗಿದ್ದ ಮರಳು ರಾಷ್ಟ್ರರಕ್ಷಣೆಯ ವಸ್ತುವಾಯಿತು, ಅದರ ರಫ್ತಿಗೆ ತಡೆ ಬಿತ್ತು. ೧೯೫೧ರಲ್ಲಿ ದೇಶಕ್ಕೆ ಧಾನ್ಯದ ತೀವ್ರ ಅಭಾವ ಒದಗಿ ಅಮೆರಿಕದಿಂದ ಗೋಧಿಯನ್ನು ಸಾಲವಾಗಿ ಕೇಳಿದಾಗ, ಪ್ರತಿಯಾಗಿ ಮೊನಜೈಟನ್ನು ಪಡೆಯಬೇಕೆಂಬ ಮಾತು ಅಲ್ಲಿನ ಶಾಸನಸಭೆಯಲ್ಲಿ ಎದ್ದಿತು. ಹಸಿವೆಯ ಆ ದಿನಗಳಲ್ಲಿಯೂ ಜವಾಹರಲಾಲ್ ನೆಹರೂ ಅವರ ಸರ್ಕಾರ ರಫ್ತಿನ ತಡೆಯನ್ನು ತೆಗೆಯಲು ಒಪ್ಪಲಿಲ್ಲ. ಸಾಲದ ಮಸೂದೆ ಆ ಜೂನಿನಲ್ಲಿ ಅಂಗೀಕಾರವಾಯಿತು. ಮರುವರ್ಷ, ೧೯೫೨ರ ಡಿಸೆಂಬರಿನಲ್ಲಿ, ಮೊನಜೈಟನ್ನು ಇಲ್ಲಿಯೇ ಸಂಸ್ಕರಿಸುವ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯ ಕಾರ್ಖಾನೆಯನ್ನು ನೆಹರೂ ಆಲುವಾದಲ್ಲಿ ಉದ್ಘಾಟಿಸಿದರು.

ಈಗ ಅದೇ ಮರಳನ್ನು ಮೂರನೆಯ ಸಲ ಹೊಸ ಕಣ್ಣಿನಿಂದ ನೋಡುತ್ತಿದ್ದಾರೆ. ಮೊನಜೈಟಿನಲ್ಲಿ ಥೋರಿಯಂ ಆಕ್ಸೈಡಿನ ಪಾಲು ಸುಮಾರು ಶೇಕಡ ೮ರಿಂದ ೯; ಅರ್ಧಕ್ಕಿಂತ ಹೆಚ್ಚಿನ ಭಾಗ ವಿರಳ ಮೃತ್ತಿಕೆಗಳ ಆಕ್ಸೈಡು. ಅವುಗಳಲ್ಲಿ ನಿಯೋಡೈಮಿಯಂ ಎಂಬುದೊಂದು. ಇದನ್ನು ಕಬ್ಬಿಣ ಮತ್ತು ಬೋರಾನಿನೊಡನೆ ಬೆರಸಿದರೆ ಅತ್ಯಂತ ಪ್ರಬಲವಾದ ಶಾಶ್ವತ ಕಾಂತ ದೊರೆಯುತ್ತದೆಂದು ೧೯೮೦ರ ದಶಕದ ಮೊದಲ ಭಾಗದಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಕಂಡುಕೊಂಡರು. ಇಂದಿನ ವಿದ್ಯುತ್ ಕಾರುಗಳ ಮೋಟಾರಿನಲ್ಲಿ, ಅನೇಕ ಗಾಳಿಯಂತ್ರಗಳಲ್ಲಿ ಇರುವುದು ಈ ಕಾಂತವೇ. ಹೀಗೆ ದೀಪ, ಪರಮಾಣು, ಕಾಂತ ಎಂಬ ಮೂರು ಹೆಸರುಗಳಲ್ಲಿ ಒಂದೇ ಮರಳು ನಿರ್ಣಾಯಕವೆನಿಸಿತು. ಆದರೆ ಕಾನೂನಿನಲ್ಲಿ ಒಂದು ತೊಡಕು ಉಳಿದಿದೆ. ೧೯೫೭ರ ಗಣಿ ಮತ್ತು ಖನಿಜಗಳ ಕಾಯಿದೆಯ ಅನುಸೂಚಿಯಲ್ಲಿ ಯುರೇನಿಯಂ ಅಥವಾ ಥೋರಿಯಂ ಇಲ್ಲದ ವಿರಳ ಮೃತ್ತಿಕಾ ಖನಿಜಗಳು ನಿರ್ಣಾಯಕ ಖನಿಜಗಳ ಭಾಗದಲ್ಲಿಯೂ, ಅವು ಇರುವ ಖನಿಜಗಳು ಪರಮಾಣು ಖನಿಜಗಳ ಭಾಗದಲ್ಲಿಯೂ ಸೇರಿವೆ. ನಮ್ಮ ವಿರಳ ಮೃತ್ತಿಕೆಗಳ ಬಹುಭಾಗ ಇರುವುದು ಮೊನಜೈಟಿನಲ್ಲಿ. ಕರಾವಳಿಯ ಮರಳಿನಲ್ಲಿ ಅದರ ಪ್ರಮಾಣ ಸುಮಾರು ೧.೩ ಕೋಟಿ ಟನ್ ಎಂದು ಅಂದಾಜು. ಮೊನಜೈಟಿನಲ್ಲಾದರೋ ಥೋರಿಯಂ ಇದ್ದೇ ಇದೆ.

೨೦೨೩ರ ಆಗಸ್ಟಿನಲ್ಲಿ ಈ ಕಾಯಿದೆಗೆ ಆದ ತಿದ್ದುಪಡಿ ಆರು ಖನಿಜಗಳ ಸ್ಥಾನವನ್ನು ಬದಲಿಸಿತು. ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟೇನಿಯಂ, ಜರ್ಕೋನಿಯಂ ಖನಿಜಗಳು ಅದುವರೆಗೆ ಪರಮಾಣು ಖನಿಜಗಳಾಗಿದ್ದವು. ಇದಕ್ಕೆ ಕಾರಣವೂ ಇತ್ತು. ಲಿಥಿಯಂ-೬ ನ್ಯೂಟ್ರಾನನ್ನು ಹೀರಿ ಟ್ರೀಷಿಯಂ ಕೊಡುತ್ತದೆ. ಬೆರಿಲಿಯಂ ನ್ಯೂಟ್ರಾನುಗಳನ್ನು ಹಿಂದಕ್ಕೆ ತಳ್ಳುವ ಗೋಡೆಯಾಗುತ್ತದೆ. ಜರ್ಕೋನಿಯಂ ನ್ಯೂಟ್ರಾನುಗಳನ್ನು ಬಹಳ ಕಡಮೆ ಹೀರುವುದರಿಂದ ರಿಯಾಕ್ಟರಿನ ಇಂಧನಕ್ಕೆ ಕವಚವಾಗುತ್ತದೆ. ಆದರೆ ಇಂದು ಇವುಗಳ ಬಳಕೆ ಹೆಚ್ಚಾಗಿ ನಡೆಯುವುದು ವಿದ್ಯುತ್ಕೋಶ, ಬಣ್ಣ, ವಿಮಾನ, ದೂರವಾಣಿಗಳಲ್ಲಿ. ಪರಮಾಣು ಪಟ್ಟಿಯಲ್ಲಿ ಇದ್ದಷ್ಟು ಕಾಲ ಇವನ್ನು ಅರಸುವ, ಅಗೆಯುವ ಕೆಲಸ ಸರ್ಕಾರಿ ಸಂಸ್ಥೆಗಳದ್ದೇ ಆಗಿತ್ತು. ತಿದ್ದುಪಡಿಯ ಬಳಿಕ ಖಾಸಗಿಯವರೂ ಬರಬಹುದು. ೨೪ ಖನಿಜಗಳ ಗಣಿಗಳನ್ನು ಕೇಂದ್ರ ಸರ್ಕಾರವೇ ಹರಾಜು ಹಾಕುತ್ತದೆ, ಹಣ ಮಾತ್ರ ರಾಜ್ಯಕ್ಕೆ ಸಲ್ಲುತ್ತದೆ. ಲಿಥಿಯಮ್ಮಿನ ರಾಜಧನವನ್ನು ಶೇಕಡ ೧೨ರಿಂದ ೩ಕ್ಕೆ ಇಳಿಸಲಾಯಿತು. ೨೦೨೫ರ ಜನವರಿಯಲ್ಲಿ ೧೬,೩೦೦ ಕೋಟಿ ರೂಪಾಯಿಗಳ ರಾಷ್ಟ್ರೀಯ ನಿರ್ಣಾಯಕ ಖನಿಜ ಯೋಜನೆಗೆ ಮಂತ್ರಿಮಂಡಲದ ಒಪ್ಪಿಗೆ ದೊರೆಯಿತು. ಅನುಸೂಚಿಯಲ್ಲಿ ಒಂದು ಹೆಸರನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಇಷ್ಟೆಲ್ಲ ಬದಲಾಗುತ್ತದೆ.

ಬದಲಾಗದೆ ಉಳಿಯುವುದು ನೆಲದೊಳಗಿನ ವಾಸ್ತವ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಮತ್ತು ಅಲ್ಲಾಪಟ್ಟಣದ ಸುತ್ತಮುತ್ತ ಪೆಗ್ಮಟೈಟ್ ಎಂಬ ದಪ್ಪಹರಳಿನ ಶಿಲೆಯುಂಟು. ಕರಗಿದ ಶಿಲಾದ್ರವ ತಣಿಯುವಾಗ ಬೇರೆ ಯಾವ ಹರಳಿನಲ್ಲಿಯೂ ಸ್ಥಳ ಸಿಕ್ಕದ ಲಿಥಿಯಂನಂಥ ಹಗುರ ಧಾತುಗಳು ಕಟ್ಟಕಡೆಗೆ ಉಳಿದ ದ್ರವದಲ್ಲಿ ಶೇಖರವಾಗುತ್ತವೆ. ಆ ಕೊನೆಯ ದ್ರವ ಗಟ್ಟಿಯಾದರೆ ಪೆಗ್ಮಟೈಟ್. ಲಿಥಿಯಂ ಆಗ ಪರಮಾಣು ಖನಿಜವಾಗಿದ್ದುದರಿಂದ ಇಲ್ಲಿ ಅನ್ವೇಷಣೆ ನಡೆಸಿದ್ದು ಪರಮಾಣು ಖನಿಜಗಳ ನಿರ್ದೇಶನಾಲಯ. ೨೦೨೦ರಲ್ಲಿ ೧೪,೧೦೦ ಟನ್ ಎಂಬ ಅಂದಾಜು ಪತ್ರಿಕೆಗಳಲ್ಲಿ ಬಂದು ಮಂಡ್ಯ ಇನ್ನೇನು ಎರಡನೆಯ ಕೋಲಾರವಾಗುತ್ತದೆಂಬ ಮಾತು ಹಬ್ಬಿತು. ಮುಂದಿನ ವರ್ಷ ಸರ್ಕಾರ ಪಾರ್ಲಿಮೆಂಟಿನಲ್ಲಿ ಕೊಟ್ಟ ಅಂಕಿ ೧,೬೦೦ ಟನ್. ಅದೂ 'ಊಹಿತ' ದರ್ಜೆಯದು. ಅಷ್ಟೂ ಶುದ್ಧ ಲೋಹವೆಂದೇ ಭಾವಿಸಿ, ಒಂದು ವಿದ್ಯುತ್ ಕಾರಿಗೆ ಸುಮಾರು ೮ ಕಿಲೋಗ್ರಾಂ ಎಂದು ಹಂಚಿದರೆ ೨ ಲಕ್ಷ ಕಾರುಗಳಿಗೆ ಸಾಕಾದೀತು. ೨೦೨೪-೨೫ರ ಒಂದೇ ವರ್ಷದಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳ ಸಂಖ್ಯೆ ೪೦ ಲಕ್ಷವನ್ನು ಮೀರಿತ್ತು. ಜಮ್ಮುವಿನ ರಿಯಾಸಿಯಲ್ಲಿ ೨೦೨೩ರಲ್ಲಿ ಘೋಷಿಸಿದ ೫೯ ಲಕ್ಷ ಟನ್ನಿನ ನಿಕ್ಷೇಪವೂ ಇಂಥ ಊಹಿತ ದರ್ಜೆಯದೇ. ಅದನ್ನು ಹರಾಜಿಗಿಟ್ಟಾಗ ಸಾಕಷ್ಟು ಮಂದಿ ಮುಂದೆ ಬರಲಿಲ್ಲ. ೨೦೨೪ರಲ್ಲಿ ಹರಾಜು ರದ್ದಾಯಿತು. ಶಿಲೆಯಿಂದ ಲಿಥಿಯಮ್ಮನ್ನು ಲಾಭಕರವಾಗಿ ಬೇರ್ಪಡಿಸಬಹುದೇ ಎಂಬುದು ತಿಳಿಯದೆ ಯಾವ ವ್ಯಾಪಾರಿಯೂ ಹಣ ಹೂಡುವುದಿಲ್ಲ.

ಪಟ್ಟಿಯ ಇನ್ನೊಂದು ಪರಿಣಾಮ ಗಣಿಯ ಪಕ್ಕದಲ್ಲಿ ಬದುಕುವವರಿಗೆ ತಟ್ಟುತ್ತದೆ. ೨೦೦೬ರ ಪರಿಸರ ನಿಯಮಗಳ ಪ್ರಕಾರ ದೊಡ್ಡ ಗಣಿಯೊಂದಕ್ಕೆ ಅನುಮತಿ ಕೊಡುವ ಮುನ್ನ ಸುತ್ತಲಿನ ಜನರ ಅಹವಾಲನ್ನು ಬಹಿರಂಗ ಸಭೆಯಲ್ಲಿ ಕೇಳಬೇಕು. ೨೦೨೫ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಅನುಸೂಚಿಯಲ್ಲಿರುವ ಪರಮಾಣು ಖನಿಜಗಳ ಮತ್ತು ನಿರ್ಣಾಯಕ ಖನಿಜಗಳ ಗಣಿಗಳಿಗೆ ಈ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಕೊಟ್ಟಿತು. ದೇಶಕ್ಕೆ ತುರ್ತು ಅಗತ್ಯವಿರುವ ವಸ್ತು ಎಂಬುದು ಕಾರಣ. ಆ ತುರ್ತು ನಿಜವಾದುದೇ ಇರಬಹುದು. ಆದರೆ ಅಹವಾಲು ಕೇಳುವುದಕ್ಕೆ ತಗಲುವುದು ತಿಂಗಳುಗಳ ಕಾಲ. ಗಣಿಯಿಂದ ಶುದ್ಧ ಲೋಹದವರೆಗಿನ ಹಾದಿಗೆ ಹಿಡಿಯುವುದು ಅನೇಕ ವರ್ಷಗಳು. ವಿಳಂಬಕ್ಕೆ ಮುಖ್ಯ ಕಾರಣ ಗ್ರಾಮಸ್ಥನ ಮಾತೆಂದು ಒಪ್ಪುವುದು ಕಷ್ಟ. ಕೇರಳದ ಮರಳು ನಮ್ಮಲ್ಲಿ ನೂರು ವರ್ಷಗಳಿಂದ ಇದ್ದೂ ಕಾಂತವನ್ನು ನಾವು ಹೊರಗಿನಿಂದ ಕೊಳ್ಳುತ್ತ ಬಂದಿರುವುದು ಸಂಸ್ಕರಣದ ವಿದ್ಯೆ ಮತ್ತು ಯಂತ್ರಸ್ಥಾವರಗಳ ಕೊರತೆಯಿಂದ. ೨೦೨೫ರ ಏಪ್ರಿಲಿನಲ್ಲಿ ಚೀನವು ಏಳು ವಿರಳ ಮೃತ್ತಿಕೆಗಳ ರಫ್ತನ್ನು ನಿಯಂತ್ರಿಸಿದಾಗ ನಮ್ಮ ವಾಹನ ತಯಾರಕರು ಚಿಂತೆಗೊಳಗಾದದ್ದು ಕಾಂತಕ್ಕಾಗಿಯೇ ಹೊರತು ಮರಳಿಗಾಗಿ ಅಲ್ಲ.

ಪಟ್ಟಿಯನ್ನು ಸುಮಾರು ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕೆಂದು ೨೦೨೩ರ ಸಮಿತಿಯೇ ಸಲಹೆ ಕೊಟ್ಟಿತ್ತು. ಈ ನಡುವೆ ಕೋಬಾಲ್ಟನ್ನೂ ನಿಕಲನ್ನೂ ಬಿಟ್ಟು ಕಬ್ಬಿಣ ಮತ್ತು ಫಾಸ್ಫೇಟುಗಳಿಂದ ಮಾಡಿದ ಲಿಥಿಯಂ ಕೋಶಗಳು ವಿದ್ಯುತ್ ವಾಹನಗಳಲ್ಲಿ ಬಹುವಾಗಿ ಹರಡಿವೆ. ಲಿಥಿಯಮ್ಮಿಗೆ ಬದಲಾಗಿ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಬಳಸುವ ಕೋಶಗಳೂ ಮಾರುಕಟ್ಟೆಗೆ ಬಂದಿವೆ. ಮುಂದೊಂದು ಪರಿಷ್ಕರಣದಲ್ಲಿ ಕೋಬಾಲ್ಟಿನ ಅಂಕ ಇಳಿದು, ಈಗಾಗಲೇ ಗೊಬ್ಬರದ ಕಾರಣದಿಂದ ಪಟ್ಟಿಯಲ್ಲಿರುವ ರಂಜಕದ ಅಂಕ ಏರಬಹುದು. ಆಗ ಹೊಲವೂ ಕಾರೂ ಒಂದೇ ಧಾತುವಿಗಾಗಿ ಸ್ಪರ್ಧಿಸಬೇಕಾಗುತ್ತದೆ.